ಬಯಲ ಅಂಗಳದಲ್ಲಿ ಧ್ವನಿ

ಚಲನಚಿತ್ರವನ್ನೋ ಕ್ರಿಕೆಟ್ ಪಂದ್ಯವನ್ನೋ ವರ್ಷದಲ್ಲಿ ನಾಲ್ಕಾರು ಸಲ ಮನೆಯ ಅಂಗಳಕ್ಕೆ ತಂದು, ಬಂಧುಗಳೊಡನೆಯೂ ನೆರೆಯವರೊಡನೆಯೂ ಕುಳಿತು ನೋಡುವ ರೂಢಿ ಈಚೆಗೆ ನಮ್ಮ ಊರುಗಳಲ್ಲಿ ಕಾಣಬರುತ್ತಿದೆ. ಒಂದು ಕೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಪ್ರೊಜೆಕ್ಟರುಗಳು ದೊರೆಯತೊಡಗಿದ ಮೇಲೆ ಇದು ಸುಲಭವೂ ಆಗಿದೆ. ಗೋಡೆಗೆ ಬಿಳಿಯ ಪಂಚೆಯೊಂದನ್ನು ಬಿಗಿದರೆ ಪರದೆ ಸಿದ್ಧ. ಕತ್ತಲಾದರೆ ಚಿತ್ರ ಸಿದ್ಧ. ಆದರೆ ಧ್ವನಿಯ ವಿಷಯದಲ್ಲಿ ಕೆಲಸ ಇಷ್ಟು ಸಲೀಸಾಗಿ ನಡೆಯುವುದಿಲ್ಲ. ಒಳಮನೆಯಲ್ಲಿ ಕಿವಿ ತುಂಬುವಂತೆ ನುಡಿಯುತ್ತಿದ್ದ ಪೆಟ್ಟಿಗೆಯೇ ಅಂಗಳಕ್ಕೆ ಬಂದೊಡನೆ ಕ್ಷೀಣವಾಗಿಬಿಡುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ವೃದ್ಧರು "ಏನಂದ?" ಎಂದು ಪಕ್ಕದವರನ್ನು ಕೇಳುತ್ತಾರೆ. ಯಾರೋ ಎದ್ದು ಧ್ವನಿಯನ್ನು ಏರಿಸುತ್ತಾರೆ. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಎರಡು ಮನೆಯಾಚೆ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿ ಕಿಟಕಿಯನ್ನು ಹಾಕಿಕೊಳ್ಳುತ್ತಾನೆ. ವೃದ್ಧರಿಗೆ ಮಾತ್ರ ಆಗಲೂ ಮಾತು ಸ್ಪಷ್ಟವಾಗುವುದಿಲ್ಲ.

ಇದು ಯಂತ್ರದ ದೋಷವಲ್ಲ. ಕೋಣೆಗೂ ಬಯಲಿಗೂ ಇರುವ ಭೇದವನ್ನು ತಿಳಿಯದೆ ನಾವು ಮಾಡುವ ವ್ಯವಸ್ಥೆಯ ದೋಷ. ಬಯಲಿನಲ್ಲಿ ಬೇಕಾದುದು ಹೆಚ್ಚು ಶಕ್ತಿಯ ಧ್ವನಿಯಲ್ಲ, ಹೆಚ್ಚು ಸಮೀಪದ ಧ್ವನಿ. ಹೀಗೇಕೆ ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ವಿವರಿಸಬಹುದು.

ಕಿಟಕಿಗಳೆಲ್ಲ ತೆರೆದ ಕೋಣೆ

ಕೋಣೆಯೊಂದರಲ್ಲಿ ಚಪ್ಪಾಳೆ ತಟ್ಟಿದಾಗ ಅದರ ಧ್ವನಿ ಒಡನೆಯೇ ಅಡಗುವುದಿಲ್ಲ. ಗೋಡೆ, ನೆಲ, ಸೂರುಗಳಿಗೆ ತಾಗಿ ತಾಗಿ ಹಿಂದಿರುಗುತ್ತ, ಪ್ರತಿ ತಾಗಿನಲ್ಲಿಯೂ ಅಷ್ಟಿಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತ ಕ್ರಮೇಣ ಅಡಗುತ್ತದೆ. ಹೀಗೆ ಧ್ವನಿ ಉಳಿದು ಅನುರಣಿಸುವುದಕ್ಕೆ ಅನುರಣನವೆಂದು ಹೆಸರು. ವಿಜಯಪುರದ ಗೋಲಗುಂಬಜಿನಲ್ಲಿ ಒಂದು ಕೂಗು ಹಲವು ಬಾರಿ ಮರುದನಿಗೊಡುವುದನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಅಲ್ಲಿನ ನುಣುಪಾದ ಗಾರೆಯ ಮೈ ಧ್ವನಿಯನ್ನು ಬಹಳ ಸ್ವಲ್ಪವಾಗಿ ಹೀರುವುದೇ ಇದಕ್ಕೆ ಕಾರಣ.

ಅನುರಣನವನ್ನು ಮೊದಲು ಲೆಕ್ಕಕ್ಕೆ ಒಳಪಡಿಸಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೇಸ್ ಕ್ಲೆಮೆಂಟ್ ಸೇಬಿನ್ ಎಂಬ ಭೌತವಿಜ್ಞಾನಿ. ಅಲ್ಲಿನ ಫಾಗ್ ಕಲಾಶಾಲೆಯ ಉಪನ್ಯಾಸ ಮಂದಿರದಲ್ಲಿ ಮಾತು ಐದು ಸೆಕೆಂಡುಗಳಿಗೂ ಮೀರಿ ಉಳಿದು, ಒಂದು ಪದ ಮತ್ತೊಂದರಲ್ಲಿ ಕಲಸಿಹೋಗುತ್ತಿತ್ತು. ಇದನ್ನು ಸರಿಪಡಿಸುವ ಕೆಲಸ ೧೮೯೫ರಲ್ಲಿ ಅವನ ಪಾಲಿಗೆ ಬಂದಿತು. ಒಂದು ಆರ್ಗನ್ ಕೊಳವೆ, ಒಂದು ಗಡಿಯಾರ, ಹತ್ತಿರದ ನಾಟಕಶಾಲೆಯಿಂದ ಹೊತ್ತು ತಂದ ಪೀಠದ ಮೆತ್ತೆಗಳು, ಇವೇ ಅವನ ಸಾಧನಗಳು. ಮೆತ್ತೆಗಳು ಹೆಚ್ಚಿದಂತೆ ಅನುರಣನದ ಕಾಲ ಹೇಗೆ ಕುಗ್ಗುವುದೆಂದು ಅವನು ರಾತ್ರಿಗಳಲ್ಲಿ ಕುಳಿತು ಅಳೆದನು. ಹೀರಿಕೆಯ ಮಾನವಾಗಿ ಅವನು ಆರಿಸಿಕೊಂಡದ್ದು ತೆರೆದ ಕಿಟಕಿಯನ್ನು. ತೆರೆದ ಕಿಟಕಿಯ ಮೂಲಕ ಹೋದ ಧ್ವನಿ ಎಂದಿಗೂ ಹಿಂದಿರುಗುವುದಿಲ್ಲ. ಆದುದರಿಂದ ಅದು ಪೂರ್ಣ ಹೀರಿಕೆಯ ಮೈ ಎಂದೇ ಎಣಿಸಬಹುದು. ಅವನು ಕಂಡುಕೊಂಡ ಸೂತ್ರವನ್ನು ಮೆಟ್ರಿಕ್ ಮಾನದಲ್ಲಿ ಹೀಗೆ ಹೇಳಬಹುದು: ಕೋಣೆಯ ಘನಗಾತ್ರವನ್ನು ೦.೧೬೧ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ.

ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಘನಗಾತ್ರ ೬೦ ಘನ ಮೀಟರ್. ಒಳಮೈಗಳ ಒಟ್ಟು ವಿಸ್ತೀರ್ಣ ೯೪ ಚದರ ಮೀಟರ್. ಪೀಠೋಪಕರಣಗಳೂ ಪರದೆಗಳೂ ಜನರೂ ಸೇರಿ ತಾಗಿದ ಧ್ವನಿಯಲ್ಲಿ ಸರಾಸರಿ ಐದನೆಯ ಒಂದು ಪಾಲನ್ನು ಹೀರುವರೆಂದು ಭಾವಿಸಿದರೆ, ಒಟ್ಟು ಹೀರಿಕೆ ಸುಮಾರು ೧೯ ಚದರ ಮೀಟರ್ ತೆರೆದ ಕಿಟಕಿಗೆ ಸಮ. ಅನುರಣನದ ಕಾಲ ಅರ್ಧ ಸೆಕೆಂಡು. ಇಂತಹ ಕೋಣೆಯಲ್ಲಿ ಎಲ್ಲ ದಿಕ್ಕಿಗೂ ಸಮನಾಗಿ ಧ್ವನಿ ಹರಡುವ ಆಕರದಿಂದ ಮೂರು ಮೀಟರ್ ದೂರದಲ್ಲಿ ನಾವು ಕುಳಿತರೆ, ನೇರವಾಗಿ ನಮ್ಮ ಕಿವಿಗೆ ಬರುವುದು ಒಟ್ಟು ಧ್ವನಿಶಕ್ತಿಯಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಉಳಿದ ಹತ್ತೊಂಬತ್ತು ಪಾಲು ಗೋಡೆ, ನೆಲ, ಸೂರುಗಳ ಕೊಡುಗೆ.

ಅಂಗಳವೆಂದರೇನು? ನಾಲ್ಕು ಗೋಡೆಗಳೂ ಸೂರೂ ತೆರೆದ ಕಿಟಕಿಗಳಾಗಿರುವ ಕೋಣೆ. ನೆಲದಿಂದ ಪ್ರತಿಫಲಿಸುವ ಅಲ್ಪಸ್ವಲ್ಪವನ್ನು ಬಿಟ್ಟರೆ ಅಲ್ಲಿ ನಮಗೆ ಉಳಿಯುವುದು ಆ ಒಂದು ಪಾಲಷ್ಟೇ. ಒಳಗಿದ್ದಷ್ಟೇ ಧ್ವನಿ ಬೇಕೆಂದರೆ ೧೦ ವಾಟಿನ ಪೆಟ್ಟಿಗೆಯ ಸ್ಥಾನದಲ್ಲಿ ೨೦೦ ವಾಟಿನದನ್ನು ತರಬೇಕಾಗುತ್ತದೆ.

ದೂರದ ಲೆಕ್ಕ

ಪ್ರತಿಫಲನವಿಲ್ಲದ ಬಯಲಿನಲ್ಲಿ ಧ್ವನಿ ದೊಡ್ಡದಾಗುತ್ತ ಹೋಗುವ ಗೋಳದಂತೆ ಹರಡುತ್ತದೆ. ಗೋಳದ ಮೈಯ ವಿಸ್ತೀರ್ಣ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಧ್ವನಿಯ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ತೀವ್ರತೆ ನಾಲ್ಕನೆಯ ಒಂದು ಪಾಲು. ನಾಲ್ಮಡಿಯಾದರೆ ಹದಿನಾರನೆಯ ಒಂದು ಪಾಲು.

ತೀವ್ರತೆಯನ್ನು ಹೇಳಲು ಡೆಸಿಬೆಲ್ ಎಂಬ ಮಾನವನ್ನು ಬಳಸುತ್ತಾರೆ. ತೀವ್ರತೆ ಹತ್ತು ಪಟ್ಟಾದರೆ ೧೦ ಡೆಸಿಬೆಲ್ ಏರಿಕೆ. ನಾಲ್ಕು ಪಟ್ಟಾದರೆ ೬. ಎರಡು ಪಟ್ಟಾದರೆ ೩. ಒಂದು ಮೀಟರ್ ದೂರದ ಸಾಧಾರಣ ಮಾತುಕತೆ ಸುಮಾರು ೬೦ ಡೆಸಿಬೆಲ್. ಆದರೆ ನಮ್ಮ ಕಿವಿಯ ಸ್ವಭಾವ ವಿಚಿತ್ರವಾದುದು. ೧೦ ಡೆಸಿಬೆಲ್ ಏರಿದಾಗ, ಎಂದರೆ ಶಕ್ತಿ ಹತ್ತು ಪಟ್ಟಾದಾಗ, ಧ್ವನಿ ಸುಮಾರು ಇಮ್ಮಡಿಯಾದಂತೆ ಮಾತ್ರ ಅದಕ್ಕೆ ತೋರುತ್ತದೆ. ಹೀಗಿರಲು ವಾಟುಗಳನ್ನು ಹೆಚ್ಚಿಸಿ ಧ್ವನಿಯನ್ನು ಗೆಲ್ಲಹೊರಡುವುದು ದುಬಾರಿಯ ಮಾರ್ಗ. ದೂರವನ್ನು ಅರ್ಧಮಾಡಿದರೆ ಖರ್ಚಿಲ್ಲದೆ ನಾಲ್ಮಡಿ ಲಾಭ.

ಪರದೆಯ ಬಳಿ ಒಂದೇ ಧ್ವನಿವರ್ಧಕವನ್ನಿಟ್ಟರೆ ಇನ್ನೊಂದು ಕಷ್ಟವಿದೆ. ಮೊದಲ ಸಾಲು ೨ ಮೀಟರ್ ದೂರದಲ್ಲಿಯೂ ಕೊನೆಯ ಸಾಲು ೮ ಮೀಟರ್ ದೂರದಲ್ಲಿಯೂ ಇದ್ದರೆ, ಮುಂದಿನವರಿಗೆ ಹಿಂದಿನವರಿಗಿಂತ ಹದಿನಾರು ಪಟ್ಟು ತೀವ್ರತೆ, ೧೨ ಡೆಸಿಬೆಲ್ ಅಂತರ. ಹಿಂದಿನವರಿಗೆ ೬೫ ಡೆಸಿಬೆಲ್ ತಲುಪಬೇಕಾದರೆ ಮುಂದಿನ ಮಕ್ಕಳು ೭೭ ಡೆಸಿಬೆಲ್ ಸಹಿಸಬೇಕು. ಒಬ್ಬರಿಗೆ ಸಾಲದೆ ಮತ್ತೊಬ್ಬರಿಗೆ ಮಿತಿಮೀರುವ ಈ ಸ್ಥಿತಿಯನ್ನು ಧ್ವನಿಯ ಗುಂಡಿಯನ್ನು ಎಷ್ಟು ತಿರುಗಿಸಿದರೂ ಸರಿಪಡಿಸಲಾಗದು.

ನಮ್ಮ ಬಯಲಾಟದವರು ಈ ಕಷ್ಟವನ್ನು ಧ್ವನಿವರ್ಧಕಗಳಿಲ್ಲದ ಕಾಲದಲ್ಲಿಯೇ ಬಲ್ಲವರಾಗಿದ್ದರು. ಪ್ರೇಕ್ಷಕರು ರಂಗಸ್ಥಳದ ಮೂರು ಕಡೆಯೂ ಒತ್ತಾಗಿ ಕುಳಿತುಕೊಳ್ಳುತ್ತಿದ್ದರು. ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಜನರನ್ನು ಧ್ವನಿಯ ಸಮೀಪಕ್ಕೆ ತರುವುದು ಅವರ ಉಪಾಯ. ಧ್ವನಿಯನ್ನೇ ಜನರ ಸಮೀಪಕ್ಕೆ ಒಯ್ಯುವ ಅನುಕೂಲ ಇಂದು ನಮಗಿದೆ.

ಒಂದು ದೊಡ್ಡದು, ನಾಲ್ಕು ಚಿಕ್ಕವು

೮ ಮೀಟರ್ ದೂರದವರೆಗೆ ಧ್ವನಿ ಮುಟ್ಟಿಸಬೇಕಾದ ಒಂದು ಧ್ವನಿವರ್ಧಕಕ್ಕೆ ೧೬ ವಾಟ್ ಬೇಕಾಗುವುದೆಂದು ಭಾವಿಸೋಣ. ಅದರ ಬದಲು ಅಂಗಳದ ಎರಡು ಮಗ್ಗುಲಿಗೂ ಚಿಕ್ಕ ಧ್ವನಿವರ್ಧಕಗಳನ್ನು ಹಂಚಿ, ಯಾರೂ ಒಂದಲ್ಲ ಒಂದರಿಂದ ೪ ಮೀಟರಿಗಿಂತ ದೂರವಿರದಂತೆ ಮಾಡಿದರೆ, ಪ್ರತಿಯೊಂದಕ್ಕೂ ಬೇಕಾದುದು ೪ ವಾಟ್; ಎರಡಕ್ಕೆ ೮. ಇನ್ನೂ ಮುಂದುವರಿದು ನಾಲ್ಕನ್ನು ಹಂಚಿ ದೂರವನ್ನು ೨ ಮೀಟರಿಗೆ ಇಳಿಸಿದರೆ, ಪ್ರತಿಯೊಂದಕ್ಕೆ ಬೇಕಾದುದು ಕೇವಲ ೧ ವಾಟ್, ಒಟ್ಟು ೪. ಒಂದು ಮತ್ತೊಂದಕ್ಕೆ ನೀಡುವ ನೆರವನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಇನ್ನೂ ಕಡಿಮೆ ಸಾಕು.

ಇದರಿಂದ ನೆರೆಯವರಿಗೂ ಲಾಭವುಂಟು. ಐವತ್ತು ಮೀಟರ್ ಆಚೆಯ ಮನೆಗೆ ಅಂಗಳದ ಎಲ್ಲ ಧ್ವನಿವರ್ಧಕಗಳೂ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ. ಆದುದರಿಂದ ಅಲ್ಲಿಗೆ ಮುಟ್ಟುವ ಧ್ವನಿಯನ್ನು ನಿರ್ಧರಿಸುವುದು ಒಟ್ಟು ಶಕ್ತಿ. ಅದು ೧೬ರಿಂದ ೪ಕ್ಕೆ ಇಳಿದರೆ ಆ ಮನೆಗೆ ೬ ಡೆಸಿಬೆಲ್ ಕಡಿಮೆ ಧ್ವನಿ ಹೋಗುತ್ತದೆ. ಅಂಗಳದಲ್ಲಿ ಕುಳಿತವರಿಗಾದರೋ ಕಿಂಚಿತ್ತೂ ಕಡಿಮೆಯಾಗಿಲ್ಲ.

ಚಿಕ್ಕ ಧ್ವನಿವರ್ಧಕಗಳು ಮಂದ್ರ ಸ್ವರಗಳಲ್ಲಿ ಬಡವಾಗಿರುತ್ತವೆ ಎಂಬುದು ನಿಜ. ಸೆಕೆಂಡಿಗೆ ೫೦ ಕಂಪನಗಳ ಧ್ವನಿಗೆ ತರಂಗದೂರ ಸುಮಾರು ೭ ಮೀಟರ್. ಅಷ್ಟು ದೊಡ್ಡ ಅಲೆಯನ್ನೆಬ್ಬಿಸಲು ಅಂಗೈಯಗಲದ ಪೊರೆಗೆ ಸಾಮರ್ಥ್ಯ ಸಾಲದು. ಇಲ್ಲಿ ಮನೆಯ ಗೋಡೆ ಸಹಾಯಕ್ಕೆ ಬರುತ್ತದೆ. ದೀಪದ ಹಿಂದೆ ಕನ್ನಡಿಯನ್ನಿಟ್ಟರೆ ಎರಡು ದೀಪಗಳಿದ್ದಂತೆ ಆಗುವುದಷ್ಟೆ? ಗೋಡೆಗೆ ಒತ್ತಿಟ್ಟ ಧ್ವನಿವರ್ಧಕದ ಹಿಂದೆಯೂ ಹಾಗೆಯೇ ಪ್ರತಿಬಿಂಬವೊಂದು ಏರ್ಪಡುತ್ತದೆ. ದೀರ್ಘ ತರಂಗಗಳ ಮಟ್ಟಿಗೆ ಎರಡರ ಒತ್ತಡಗಳೂ ಕೂಡಿ ಇಮ್ಮಡಿಯಾಗುವುದರಿಂದ ತೀವ್ರತೆ ನಾಲ್ಮಡಿಯಾಗುತ್ತದೆ. ಆದುದರಿಂದ ಅಂಗಳದ ನಡುವೆ ಮುಕ್ಕಾಲಿಯ ಮೇಲಿಡುವುದಕ್ಕಿಂತ ಗೋಡೆಗೆ ಒತ್ತಿ ಇಡುವುದು ಮೇಲು. ಆದರೆ ಮಂದ್ರ ಸ್ವರಗಳ ಮೋಹ ಮಿತಿಯಲ್ಲಿರಬೇಕು. ಅವು ಎಲ್ಲ ದಿಕ್ಕಿಗೂ ಹರಡುತ್ತವೆ. ಮುಚ್ಚಿದ ಕಿಟಕಿಯೂ ಅವನ್ನು ಚೆನ್ನಾಗಿ ತಡೆಯಲಾರದು.

ಮಾತು ತಿಳಿಯುವ ಬಗೆ

ಧ್ವನಿ ಕೇಳಿಸುವುದು ಬೇರೆ, ಮಾತು ತಿಳಿಯುವುದು ಬೇರೆ. ಕರ, ತರ, ಪರ, ಸರ ಎಂಬ ನಾಲ್ಕು ಪದಗಳನ್ನು ನೋಡಿ. ಮೊದಲ ವ್ಯಂಜನವೊಂದನ್ನು ಬಿಟ್ಟರೆ ಉಳಿದುದೆಲ್ಲ ಒಂದೇ. ಮಾತಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಸ್ವರಗಳದು. ಪದಗಳ ಭೇದವನ್ನು ತಿಳಿಸುವುದು ಬಹುಮಟ್ಟಿಗೆ ದುರ್ಬಲವಾದ ವ್ಯಂಜನಗಳು. ಇವುಗಳ ಗುರುತು ಅಡಗಿರುವುದು ವಿಶೇಷವಾಗಿ ಸೆಕೆಂಡಿಗೆ ೨,೦೦೦ದಿಂದ ೪,೦೦೦ ಕಂಪನಗಳ ಪ್ರದೇಶದಲ್ಲಿ. ವಯಸ್ಸಾದಂತೆ ಕಿವಿ ಮೊದಲು ಸೋಲುವುದು ಹೆಚ್ಚಿನ ಕಂಪನಗಳ ವಿಷಯದಲ್ಲಿಯೇ. ವೃದ್ಧರು "ಕೇಳಿಸುತ್ತದೆ, ತಿಳಿಯುವುದಿಲ್ಲ" ಎನ್ನುವುದು ಅಕ್ಷರಶಃ ಸತ್ಯ.

ಸೆಕೆಂಡಿಗೆ ೩,೦೦೦ ಕಂಪನಗಳ ಧ್ವನಿಗೆ ತರಂಗದೂರ ಸುಮಾರು ೧೧.೫ ಸೆಂಟಿಮೀಟರ್, ಎಂದರೆ ಮನುಷ್ಯನ ತಲೆಯ ಅಗಲಕ್ಕಿಂತ ಕಡಿಮೆ. ಆದುದರಿಂದ ಮುಂದೆ ಕುಳಿತವರ ತಲೆಯ ಹಿಂದೆ ಇಂತಹ ಧ್ವನಿಗೆ ನೆರಳು ಬೀಳುತ್ತದೆ. ಕೋಣೆಯಲ್ಲಾದರೆ ಸೂರಿನಿಂದ ಹಿಂದಿರುಗಿದ ಧ್ವನಿ ಆ ನೆರಳನ್ನು ತುಂಬುತ್ತದೆ, ಬಯಲಿನಲ್ಲಿ ತುಂಬುವವರಿಲ್ಲ. ಧ್ವನಿವರ್ಧಕವನ್ನು ನೆಲದ ಮೇಲಿಡದೆ ಕುಳಿತವರ ತಲೆಗಿಂತ ತುಸು ಎತ್ತರದಲ್ಲಿ ನಿಲ್ಲಿಸಿ, ಅದರ ಮುಖವನ್ನು ಕೇಳುವವರ ಕಡೆಗೆ ಕೊಂಚ ಬಾಗಿಸಬೇಕು. ಕುಳಿತಲ್ಲಿಂದ ಅದರ ಮುಖ ಕಣ್ಣಿಗೆ ಕಾಣುವಂತಿದ್ದರೆ ವ್ಯಂಜನಗಳು ಕಿವಿಗೆ ತಲುಪುತ್ತವೆ. ಕಿವಿ ಮಂದವಾದವರಿಗೆ ಧ್ವನಿವರ್ಧಕದ ಸಮೀಪದ ಪೀಠವನ್ನು ಮೀಸಲಿಡಬೇಕು. ಇದು ಇಡೀ ಅಂಗಳಕ್ಕೆ ಧ್ವನಿಯನ್ನು ಏರಿಸುವುದಕ್ಕಿಂತ ಉತ್ತಮ.

ಮೊದಲು ಬಂದ ಧ್ವನಿ

ಜಾತ್ರೆಯ ಬೀದಿಯಲ್ಲಿ ಕಂಬಕಂಬಕ್ಕೂ ಕಟ್ಟಿದ ಹಾರ್ನುಗಳಿಂದ ಹೊರಡುವ ಪ್ರಕಟಣೆ, ಒಂದರ ಹಿಂದೆ ಒಂದು ಬಂದು ಕಿವಿಗೆ ಬಿದ್ದು ಗೋಜಲಾಗುವುದನ್ನು ನಾವೆಲ್ಲರೂ ಬಲ್ಲೆವು. ಅಂಗಳದಲ್ಲಿ ನಾಲ್ಕು ಧ್ವನಿವರ್ಧಕಗಳಿಟ್ಟರೆ ಹಾಗಾಗದೆ? ಎಂಬ ಸಂದೇಹ ಸಹಜವಾದುದು.

೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೬ ಮೀಟರ್. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ೧೯೪೯ರಲ್ಲಿ ಒಪ್ಪಿಸಿದ ಪ್ರಬಂಧದಲ್ಲಿ ಈ ವಿಷಯವನ್ನು ವಿಚಾರಮಾಡಿದನು. ಒಂದೇ ಮಾತು ಎರಡು ಕಡೆಯಿಂದ ಬಂದಾಗ, ಎರಡನೆಯದು ಸುಮಾರು ೩೦ ಮಿಲಿಸೆಕೆಂಡುಗಳ ಒಳಗೆ ಬಂದರೆ ಕಿವಿ ಅದನ್ನು ಬೇರೆಯೆಂದು ಎಣಿಸುವುದಿಲ್ಲ, ಮೊದಲಿನದರೊಡನೆ ಸೇರಿಸಿಕೊಳ್ಳುತ್ತದೆ. ಧ್ವನಿ ಎಲ್ಲಿಂದ ಬಂತೆಂಬುದನ್ನು ಮೊದಲು ಬಂದದ್ದರಿಂದಲೇ ನಿರ್ಣಯಿಸುತ್ತದೆ. ಅನಂತರ ಬಂದದ್ದು ಕೊಂಚ ಬಲವಾಗಿದ್ದರೂ ಈ ನಿರ್ಣಯ ಬದಲಾಗದು. ೩೦ ಮಿಲಿಸೆಕೆಂಡಿನಲ್ಲಿ ಧ್ವನಿ ೧೦ ಮೀಟರಿನಷ್ಟು ಸಾಗುತ್ತದೆ. ಮನೆಯ ಅಂಗಳದಲ್ಲಿ ಎರಡು ಧ್ವನಿವರ್ಧಕಗಳ ದೂರಗಳ ಅಂತರ ಇದನ್ನು ಮೀರುವುದು ಅಪರೂಪ. ಜಾತ್ರೆಯ ಬೀದಿಯಲ್ಲಾದರೋ ಅದು ಹಲವು ಪಟ್ಟು ಮೀರುತ್ತದೆ. ಗೋಜಲು ಅದರ ಫಲ.

ಒಂದು ಚಿಕ್ಕ ತೊಡಕು ಉಳಿಯುತ್ತದೆ. ಹಿಂದಿನ ಸಾಲಿನವರಿಗೆ ಮಗ್ಗುಲಿನ ಧ್ವನಿವರ್ಧಕದ ಮಾತು ಮೊದಲು ಮುಟ್ಟುವುದರಿಂದ, ಪಾತ್ರಧಾರಿ ಪರದೆಯ ಮೇಲಿದ್ದರೂ ಅವನ ಮಾತು ಬದಿಯಿಂದ ಬಂದಂತೆ ತೋರುತ್ತದೆ. ಧ್ವನಿಯನ್ನು ತಡೆದು ಬಿಡುವ ಸೌಕರ್ಯವುಳ್ಳ ಆಂಪ್ಲಿಫಯರು ಇದ್ದರೆ, ಹಿಂದಿನ ಜೋಡಿಗೆ ತಕ್ಕ ವಿಳಂಬವನ್ನು ಕೊಡಬೇಕು. ಪರದೆಯಿಂದ ಆ ಜೋಡಿಗಿರುವ ದೂರ ೫ ಮೀಟರ್ ಆದರೆ ಗಾಳಿಯಲ್ಲಿ ತಗಲುವ ೧೪ ಮಿಲಿಸೆಕೆಂಡಿಗೆ ಇನ್ನು ಐದಾರನ್ನು ಸೇರಿಸಿ ೨೦ ಕೊಟ್ಟರೆ ಸಾಕು. ಮಾತು ಮತ್ತೆ ಪರದೆಯಿಂದಲೇ ಬಂದಂತೆ ಕೇಳುತ್ತದೆ.

ತಂತಿಯೋ, ನಿಸ್ತಂತುವೋ?

ಹೊಳೆಯ ಆಚೆಯ ದಡದಲ್ಲಿ ಬಟ್ಟೆ ಒಗೆಯುವವರ ಕೈ ಮೊದಲು ಕಾಣುತ್ತದೆ, ಏಟಿನ ಸದ್ದು ಆಮೇಲೆ ಕೇಳುತ್ತದೆ. ಧ್ವನಿ ಬೆಳಕಿಗಿಂತ ಹಿಂದುಳಿಯುವುದು ನಿಸರ್ಗದಲ್ಲಿ ನಿತ್ಯದ ಸಂಗತಿಯಾದುದರಿಂದ ಸ್ವಲ್ಪ ವಿಳಂಬವನ್ನು ನಮ್ಮ ಮನಸ್ಸು ಗಮನಿಸುವುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ೧೯೯೮ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ, ಧ್ವನಿ ಚಿತ್ರಕ್ಕಿಂತ ಸುಮಾರು ೧೨೫ ಮಿಲಿಸೆಕೆಂಡು ಹಿಂದುಳಿದಾಗ ಅದು ನೋಡುವವರ ಅರಿವಿಗೆ ಬರುತ್ತದೆ. ಮುಂದೆ ಓಡಿದರೆ ೪೫ ಮಿಲಿಸೆಕೆಂಡಿಗೇ ಅರಿವಾಗುತ್ತದೆ.

ಬ್ಲೂಟೂತ್ ಧ್ವನಿವರ್ಧಕಗಳು ಧ್ವನಿಯನ್ನು ಸಂಕೇತಗಳಾಗಿ ಕಟ್ಟಿ, ಕಳುಹಿಸಿ, ಕೂಡಿಟ್ಟು, ಮತ್ತೆ ಬಿಚ್ಚುವುದರಲ್ಲಿ ಸಾಮಾನ್ಯವಾಗಿ ೧೦೦ರಿಂದ ೩೦೦ ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತವೆ. ಇದು ಧ್ವನಿಯಿಂದ ೩೫ರಿಂದ ೧೦೦ ಮೀಟರ್ ದೂರ ಕುಳಿತಿರುವುದಕ್ಕೆ ಸಮ. ತುಟಿ ಮುಚ್ಚಿದ ಮೇಲೆ ಮಾತು ಬರುವುದು ಇದರಿಂದಲೇ. ಪ್ರೊಜೆಕ್ಟರಿನಲ್ಲಿಯೋ ಚಿತ್ರವನ್ನೊದಗಿಸುವ ಯಂತ್ರದಲ್ಲಿಯೋ ಇದನ್ನು ಸರಿದೂಗಿಸುವ ಏರ್ಪಾಡು ಇದ್ದರೆ ಬಳಸಬಹುದು. ಇಲ್ಲವಾದರೆ ತಂತಿಯೇ ಲೇಸು.

ತಂತಿಯ ದಪ್ಪವನ್ನು ಓಮನ ನಿಯಮದಿಂದ ನಿರ್ಧರಿಸಬಹುದು. ೨೦ ಮೀಟರ್ ದೂರಕ್ಕೆ ಹೋಗಿ ಬರುವ ತಾಮ್ರದ ತಂತಿಯ ಉದ್ದ ೪೦ ಮೀಟರ್. ಅಡ್ಡಕೊಯ್ತ ೦.೫ ಚದರ ಮಿಲಿಮೀಟರ್ ಆದರೆ ರೋಧ ಸುಮಾರು ೧.೪ ಓಮ್, ೧.೫ ಚದರ ಮಿಲಿಮೀಟರ್ ಆದರೆ ೦.೪೬ ಓಮ್. ಧ್ವನಿವರ್ಧಕದ ರೋಧವನ್ನು ೮ ಓಮ್ ಎಂದಿಟ್ಟುಕೊಂಡರೆ, ತೆಳು ತಂತಿಯಿಂದ ಅದಕ್ಕೆ ಮುಟ್ಟುವ ಶಕ್ತಿಯಲ್ಲಿ ಕಾಲು ಪಾಲಿಗೂ ಹೆಚ್ಚು ಕಡಿಮೆಯಾಗುತ್ತದೆ. ದಪ್ಪ ತಂತಿಯಿಂದ ಹತ್ತನೆಯ ಒಂದು ಪಾಲು ಮಾತ್ರ.

ಬಯಲಿನಲ್ಲಿ ವಿದ್ಯುತ್ತಿನ ವಿಷಯದಲ್ಲಿ ಎಚ್ಚರ ಅಗತ್ಯ. ಮನೆಯ ವಿದ್ಯುತ್ತು ಬರುವ ತಂತಿಯನ್ನು ಹಸಿ ನೆಲದ ಮೇಲೆ ಎಳೆಯಬಾರದು. ಜೋಡಣೆಗಳು ನೆಲದಿಂದ ಎತ್ತರದಲ್ಲಿರಬೇಕು. ೩೦ ಮಿಲಿಆಂಪಿಯರಿನ ಸೋರಿಕೆಗೆ ಕಡಿದುಕೊಳ್ಳುವ ರಕ್ಷಕ ಸ್ವಿಚ್ಚಿನ ಮೂಲಕವೇ ವಿದ್ಯುತ್ತನ್ನು ಪಡೆಯಬೇಕು. ಮಳೆಹನಿ ಬಿದ್ದೊಡನೆ ಪ್ರದರ್ಶನವನ್ನು ನಿಲ್ಲಿಸತಕ್ಕದ್ದು.

ರಾತ್ರಿಯ ಗಾಳಿ

ಹಗಲಿನಲ್ಲಿ ಕೇಳದ ದೂರದ ರೈಲಿನ ಸದ್ದು ರಾತ್ರಿ ಕೇಳುವುದುಂಟು. ಸುತ್ತಲಿನ ಗದ್ದಲ ಅಡಗಿರುವುದು ಒಂದು ಕಾರಣ; ಇನ್ನೊಂದು ವಕ್ರೀಭವನ. ಬೆಚ್ಚನೆಯ ಗಾಳಿಯಲ್ಲಿ ಧ್ವನಿಯ ವೇಗ ಹೆಚ್ಚು. ಹಗಲು ನೆಲದ ಬಳಿಯ ಗಾಳಿ ಬಿಸಿಯಾಗಿರುವುದರಿಂದ ಧ್ವನಿ ಮೇಲಕ್ಕೆ ಬಾಗಿ ಆಕಾಶದ ಪಾಲಾಗುತ್ತದೆ. ಮೋಡವಿಲ್ಲದ ಶಾಂತ ರಾತ್ರಿಯಲ್ಲಿ ನೆಲ ಬೇಗ ತಣಿದು, ಅದರ ಬಳಿಯ ಗಾಳಿ ಮೇಲಿನದಕ್ಕಿಂತ ತಂಪಾಗುತ್ತದೆ. ಆಗ ಧ್ವನಿ ಕೆಳಕ್ಕೆ ಬಾಗಿ ದೂರದ ಮನೆಗಳನ್ನು ಮುಟ್ಟುತ್ತದೆ. ಚಿತ್ರಪ್ರದರ್ಶನಕ್ಕೆ ನಾವು ಆರಿಸುವ ರಾತ್ರಿ ಇಂತಹುದೇ.

ನಮ್ಮ ದೇಶದ ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು ಗಂಟೆಯವರೆಗೆ. ಖಾಸಗಿ ಧ್ವನಿಯಂತ್ರದ ಸದ್ದು ಮನೆಯ ಎಲ್ಲೆಯಲ್ಲಿ ಈ ಮಿತಿಯನ್ನು ೫ ಡೆಸಿಬೆಲಿಗಿಂತ ಹೆಚ್ಚು ಮೀರಕೂಡದು. ಧ್ವನಿವರ್ಧಕಕ್ಕೆ ಅಧಿಕಾರಿಗಳ ಲಿಖಿತ ಅನುಮತಿ ಬೇಕೆಂದೂ ಆ ನಿಯಮಗಳು ಹೇಳುತ್ತವೆ. ಆದುದರಿಂದ ಚಿತ್ರವನ್ನು ಬೇಗ ಆರಂಭಿಸಿ ಹತ್ತರೊಳಗೆ ಮುಗಿಸಬೇಕು. ಧ್ವನಿವರ್ಧಕಗಳ ಮುಖವನ್ನು ಬೀದಿಯ ಕಡೆಗಲ್ಲದೆ ಅಂಗಳದ ಒಳಕ್ಕೆ ತಿರುಗಿಸಬೇಕು. ಪರೀಕ್ಷೆಗಳ ತಿಂಗಳಲ್ಲಿ ಇಂತಹ ಪ್ರದರ್ಶನವನ್ನು ಮುಂದಕ್ಕೆ ಹಾಕುವುದು ಒಳ್ಳೆಯದು.

ವಾಚಕರು ಮಾಡಬಹುದಾದ ಪ್ರಯೋಗ

ಮೇಲೆ ಹೇಳಿದುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಧ್ವನಿಮಟ್ಟವನ್ನು ತೋರಿಸುವ ತಂತ್ರಾಂಶವುಳ್ಳ ಮೊಬೈಲು ದೂರವಾಣಿ, ಒಂದು ಚಿಕ್ಕ ಧ್ವನಿವರ್ಧಕ, ಅಳತೆಯ ಪಟ್ಟಿ ಇಷ್ಟಿದ್ದರೆ ಸಾಕು. ಮೊಬೈಲು ತೋರಿಸುವ ಅಂಕಿ ನಿಖರವಾಗಿರಲಾರದು. ಆದರೆ ಒಂದು ಅಂಕಿಗೂ ಮತ್ತೊಂದಕ್ಕೂ ಇರುವ ಅಂತರ ನಮ್ಮ ಕೆಲಸಕ್ಕೆ ಸಾಕಾಗುತ್ತದೆ. ನಿಲಯವಿಲ್ಲದ ರೇಡಿಯೊದಿಂದ ಬರುವಂತಹ ಒಂದೇ ಸಮನಾದ 'ಸುಯ್' ಸದ್ದನ್ನು ನುಡಿಸಿ, ಸದ್ದಡಗಿದ ಹೊತ್ತಿನಲ್ಲಿ ಅಂಗಳದಲ್ಲಿ ೧, ೨, ೪, ೮ ಮೀಟರ್ ದೂರಗಳಲ್ಲಿ ಅಳೆದು ಬರೆದುಕೊಳ್ಳಿ. ಪ್ರತಿ ಹೆಜ್ಜೆಗೂ ಸುಮಾರು ೬ ಡೆಸಿಬೆಲ್ ಇಳಿಯಬೇಕು. ಅನಂತರ ಅದೇ ಧ್ವನಿವರ್ಧಕವನ್ನು ಕೋಣೆಗೊಯ್ದು, ೧, ೨, ೪ ಮೀಟರ್‌ಗಳಲ್ಲಿ ಅಳೆಯಿರಿ. ಅಲ್ಲಿ ಇಳಿತ ಬಹಳ ಸ್ವಲ್ಪವಾಗಿರುವುದು ಕಂಡುಬರುತ್ತದೆ. ಎರಡನ್ನೂ ಒಂದೇ ರೇಖಾಕಾಗದದ ಮೇಲೆ ಬರೆದರೆ, ಎರಡು ಗೆರೆಗಳ ನಡುವಣ ಅಂತರವೇ ಗೋಡೆಗಳೂ ಸೂರೂ ನಮಗೆ ಸದ್ದಿಲ್ಲದೆ ಮಾಡುತ್ತಿದ್ದ ಉಪಕಾರದ ಅಳತೆ.

ಕಡೆಯದಾಗಿ ಒಂದು ಲೆಕ್ಕ. ನಿಮ್ಮ ಅಂಗಳದ ನಕ್ಷೆಯನ್ನು ಬರೆದು, ಕುಳಿತುಕೊಳ್ಳುವ ಸ್ಥಳಗಳನ್ನೂ ನೆರೆಮನೆಯ ಕಿಟಕಿಗಳನ್ನೂ ಗುರುತಿಸಿ. ಪ್ರತಿಯೊಬ್ಬರಿಗೂ ೬೫ ಡೆಸಿಬೆಲ್ ಸಿಗಬೇಕು, ಎಲ್ಲೆಯಲ್ಲಿ ೬೦ನ್ನು ಮೀರಬಾರದು ಎಂಬ ಎರಡು ನಿಬಂಧನೆಗಳಿಗೂ ಒಪ್ಪುವಂತೆ ಎರಡು ಧ್ವನಿವರ್ಧಕಗಳನ್ನು ಎಲ್ಲೆಲ್ಲಿ ಇಡುವಿರಿ? ನಾಲ್ಕಿದ್ದರೆ ಎಲ್ಲೆಲ್ಲಿ? ಇದನ್ನು ಕಾಗದದ ಮೇಲೆ ಬಿಡಿಸಿದ ಬಳಿಕವೇ ಅಂಗಡಿಗೆ ಹೋಗುವುದು ಜಾಣತನ.